ಎಲುಬಿಗೆ ಸುಣ್ಣ ಮಾತ್ರ ಸಾಲದು, ಒದೆಯೂ ಬೇಕು

ಆಯಿಗೆ, ಅಂದರೆ ನಮ್ಮ ಅಮ್ಮನಿಗೆ, ಸಿಟ್ಟು ಬಂದಿದ್ದು ಎಣ್ಣೆ ಬಾಟಲಿ ವಾಪಸ್ ಕಳಿಸಿದ್ದಕ್ಕೆ. ತಂಗಿಗೆ 29ನೇ ವಾರಕ್ಕೇ ಹೆರಿಗೆಯಾಗಿತ್ತು. ಕೂಸು ಒಂದು ಕಿಲೋಗಿಂತ ಚೂರು ಜಾಸ್ತಿ. ಜುಲೈ ತಿಂಗಳ ಮಳೆ. ಶಿರಸಿ ಹತ್ತಿರದ ನಮ್ಮ ಹಳ್ಳಿಯಿಂದ ಆಯಿ ಮನೆಯ ಕೊಬ್ಬರಿ ಎಣ್ಣೆಯನ್ನು ಬಾಟಲಿಗೆ ತುಂಬಿ, ಮೇಲೆ ಬಟ್ಟೆ ಸುತ್ತಿ, ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ತಂದಿದ್ದಳು. ಮಕ್ಕಳ ಐಸಿಯು ಬಾಗಿಲಲ್ಲೇ ಸಿಸ್ಟರ್ ನಯವಾಗಿ ತಡೆದರು. "ಅಜ್ಜೀ, ಇದೆಲ್ಲ ಈಗ ಬೇಡ." ಆಯಿ ನನ್ನ ಕಡೆ ತಿರುಗಿದಳು. "ಕೈಕಾಲು ಮಡಚಿ ಬಿಡಿಸದೇ ಕೂಸಿನ ಎಲುಬು ಗಟ್ಟಿ ಆಪ್ದು ಹ್ಯಾಂಗೆ ತಮಾ?"

ನಾನು ಆಸ್ಪತ್ರೆ ಯಂತ್ರಗಳನ್ನು ನೋಡಿಕೊಳ್ಳುವ ಬಯೋಮೆಡಿಕಲ್ ಇಂಜಿನಿಯರ್. ವಾರ್ಮರ್, ಮಾನಿಟರ್, ಸಿರಿಂಜ್ ಪಂಪು ಕೆಟ್ಟರೆ ನನಗೆ ಫೋನು ಬರುತ್ತದೆ. ಕಾರವಾರದಿಂದ ಭಟ್ಕಳದ ತನಕ ಇದೇ ತಿರುಗಾಟ. ಕೂಸು ಮಲಗುವ ಪೆಟ್ಟಿಗೆಯ ಒಳಗಿನ ವೈರು ವೈರೂ ಗೊತ್ತು ಎಂಬ ಜಂಬದಲ್ಲಿ ಅವತ್ತು ಸುಮ್ನೆ ನಕ್ಕುಬಿಟ್ಟೆ. ಆಮೇಲೆ ಓದುತ್ತಾ ಹೋದ ಹಾಗೆ ಗೊತ್ತಾಯಿತು, ಆಯಿ ಕೇಳಿದ ಪ್ರಶ್ನೆಯನ್ನೇ ಜಗತ್ತಿನ ಹಲವು ಲ್ಯಾಬುಗಳಲ್ಲಿ ನನ್ನಂಥ ಇಂಜಿನಿಯರುಗಳು ಕೇಳುತ್ತಿದ್ದಾರೆ.

37 ವಾರ ತುಂಬುವ ಮೊದಲು ಹುಟ್ಟಿದರೆ ಅದು ದಿನ ತುಂಬದ ಹೆರಿಗೆ. ಹುಟ್ಟುವ ಪ್ರತಿ ಹತ್ತು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದು ಹೀಗೆ ಹುಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 2020ರಲ್ಲಿ ಇಂಥ ಮಕ್ಕಳು 1 ಕೋಟಿ 34 ಲಕ್ಷ. ಅದರಲ್ಲಿ ಸುಮಾರು 30 ಲಕ್ಷ ನಮ್ಮ ದೇಶದವು. ಹೀಗೆ ಹುಟ್ಟಿದ ಕೂಸಿನ ಬಗ್ಗೆ ಎಲ್ಲರಿಗೂ ಮೊದಲು ಕಾಡುವ ಚಿಂತೆ ಉಸಿರಿನದು. ಆಮೇಲೆ ಮಿದುಳು, ಕಣ್ಣು, ಸೋಂಕು. ಎಲುಬಿನ ಸರದಿ ಬರುವುದು ಕೊನೆಗೆ. ಅದು ತಪ್ಪೂ ಅಲ್ಲ. ಉಸಿರು ನಿಲ್ಲದಿದ್ದರೆ ತಾನೇ ಎಲುಬಿನ ಮಾತು? ಆದರೆ ಆರೆಂಟು ವಾರ ಕಳೆದು, ಕೂಸು ಬದುಕಿತು ಎಂದು ಮನೆಯವರು ಉಸಿರು ಬಿಡುವ ಹೊತ್ತಿಗೆ ಸರಿಯಾಗಿ ಈ ತೊಂದರೆ ತಲೆ ಎತ್ತುತ್ತದೆ. ಎಲುಬು ತೆಳುವಾಗಿರುತ್ತದೆ. ಕೆಲವು ಮಕ್ಕಳಲ್ಲಿ ಯಾರೂ ಬೀಳಿಸದೆ, ಯಾರೂ ಜಗ್ಗದೆ ಪಕ್ಕೆಲುಬು ಮುರಿದಿರುತ್ತದೆ.

ಯಾಕೆ ಹೀಗಾಗುತ್ತದೆ ಎಂದು ತಿಳಿಯಲು ಎಲುಬು ಏನು ಎಂದು ನೋಡಬೇಕು. ನಮ್ಮ ಕಡೆ ಹಳೆಯ ಕೊಟ್ಟಿಗೆಗಳಿಗೆ ಅಡಿಕೆ ದಬ್ಬೆ ಹೆಣೆದು, ಮೇಲೆ ಮಣ್ಣು ಮೆತ್ತಿ ಗೋಡೆ ಮಾಡುತ್ತಿದ್ದರು. ದಬ್ಬೆ ಬಾಗುತ್ತದೆ, ಮುರಿಯುವುದಿಲ್ಲ. ಮಣ್ಣು ಗಟ್ಟಿ, ಆದರೆ ಒಂದೇ ಇದ್ದರೆ ಬಿರುಕು ಬಿಡುತ್ತದೆ. ಎರಡೂ ಸೇರಿದರೆ ಗೋಡೆ. ಎಲುಬೂ ಹಾಗೆಯೇ. ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ದಬ್ಬೆ. ಕ್ಯಾಲ್ಸಿಯಂ ಮತ್ತು ಫಾಸ್ಫರಸ್ ಸೇರಿ ಆದ ಖನಿಜ ಅದರ ಮೇಲಿನ ಮಣ್ಣು. ಬೇಗ ಹುಟ್ಟಿದ ಕೂಸಿನಲ್ಲಿ ದಬ್ಬೆ ಹೆಣೆದಾಗಿದೆ, ಮಣ್ಣು ಮೆತ್ತಿಲ್ಲ.

ಈ ಮೆತ್ತುವ ಕೆಲಸ ಹೆಚ್ಚಾಗಿ ನಡೆಯುವುದು ಬಸುರಿನ ಕೊನೆಯ ಮೂರು ತಿಂಗಳಲ್ಲಿ. ದಿನ ತುಂಬಿ ಹುಟ್ಟಿದ ಮಗುವಿನ ಮೈಯಲ್ಲಿ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದರ ಶೇಕಡಾ 80ರಷ್ಟು ಬಂದು ಸೇರುವುದು ಆ ಕೊನೆಯ ಮೂರು ತಿಂಗಳಲ್ಲೇ. ಇಲ್ಲಿ ಮಾಸು, ಅಂದರೆ ಗರ್ಭದಲ್ಲಿ ತಾಯಿಯಿಂದ ಕೂಸಿಗೆ ಆಹಾರ ದಾಟಿಸುವ ಪ್ಲಾಸೆಂಟಾ, ಮಾಡುವ ಕೆಲಸ ನೋಡಿದರೆ ಆಶ್ಚರ್ಯ. ಕೂಸಿನ ರಕ್ತದಲ್ಲಿ ಕ್ಯಾಲ್ಸಿಯಂ ತಾಯಿಯ ರಕ್ತಕ್ಕಿಂತ ಜಾಸ್ತಿ ಇರುತ್ತದೆ. ಅಂದರೆ ಅದು ತಾನಾಗಿ ಹರಿದು ಬರುತ್ತಿಲ್ಲ. ತೋಟದ ಕೆಳಗಿನ ಹೊಂಡದಿಂದ ಗುಡ್ಡದ ಮೇಲಿನ ಮನೆಗೆ ಪಂಪು ನೀರು ಏರಿಸಿದ ಹಾಗೆ, ಮಾಸು ಹಗಲೂ ರಾತ್ರಿ ಏರಿಸುತ್ತಿರುತ್ತದೆ. ಕೂಸಿನ ತೂಕದ ಪ್ರತಿ ಕಿಲೋಗೆ ದಿನಕ್ಕೆ 100ರಿಂದ 130 ಮಿಲಿಗ್ರಾಂ. 29 ವಾರಕ್ಕೆ ಹೆರಿಗೆಯಾದರೆ ಆ ದಿನವೇ ಪಂಪಿನ ಕರೆಂಟು ಹೋಯಿತು.

ಇನ್ನು ಹಾಲಿನ ಲೆಕ್ಕ. ಎದೆಹಾಲಿನ ಮಹಿಮೆ ಬಗ್ಗೆ ಎರಡು ಮಾತಿಲ್ಲ, ಬೇಗ ಹುಟ್ಟಿದ ಕೂಸಿಗಂತೂ ಅದೇ ಮೊದಲ ಔಷಧಿ. ಆದರೆ ಎದೆಹಾಲು ದಿನ ತುಂಬಿದ ಮಗುವಿಗೆ ಅಳೆದು ಮಾಡಿದ ಊಟ. 100 ಮಿಲಿಲೀಟರ್ ಹಾಲಿನಲ್ಲಿ 25ರಿಂದ 30 ಮಿಲಿಗ್ರಾಂ ಕ್ಯಾಲ್ಸಿಯಂ, ಸುಮಾರು 15 ಮಿಲಿಗ್ರಾಂ ಫಾಸ್ಫರಸ್. ಒಂದು ಕಿಲೋ ಕೂಸು ದಿನಕ್ಕೆ ಕುಡಿಯುವುದು 150 ಮಿಲಿಲೀಟರ್ ಆಸುಪಾಸು. ಅಂದರೆ ಸಿಗುವ ಕ್ಯಾಲ್ಸಿಯಂ 40, 45 ಮಿಲಿಗ್ರಾಂ. ಅದರಲ್ಲಿ ಕರುಳು ಹೀರುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಹೊಟ್ಟೆಯೊಳಗೆ ಸಿಗುತ್ತಿದ್ದುದರ ಕಾಲುಭಾಗ ಕೈಗೆ ಬಂದರೆ ದೊಡ್ಡದು. ಹಾಗಾದರೆ ಬಾಣಂತಿಗೆ ರಾಗಿ, ಎಳ್ಳು ಜಾಸ್ತಿ ಕೊಡೋಣ ಎನ್ನುತ್ತಾರೆ. ಕೊಡಿ, ಅದು ಅವಳಿಗೆ ಒಳ್ಳೆಯದು. ಆದರೆ ತಾಯಿ ಏನು ಉಂಡರೂ ಹಾಲಿನ ಕ್ಯಾಲ್ಸಿಯಂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಉಣ್ಣದೇ ಹೋದರೆ ಅವಳ ಎಲುಬಿನಿಂದ ತೆಗೆದು ಹಾಲಿಗೆ ಹಾಕುತ್ತದೆ ದೇಹ. ಅದಕ್ಕೇ ಆಸ್ಪತ್ರೆಯಲ್ಲಿ ಹಿಂಡಿದ ಎದೆಹಾಲಿಗೆ ಕ್ಯಾಲ್ಸಿಯಂ, ಫಾಸ್ಫರಸ್ ಇರುವ ಫೋರ್ಟಿಫೈಯರ್ ಎಂಬ ಪುಡಿ ಬೆರೆಸುತ್ತಾರೆ.

ಫಾಸ್ಫರಸ್ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಅದನ್ನು ಎಲ್ಲರೂ ಮರೆಯುತ್ತಾರೆ. ಅಘನಾಶಿನಿ ನದಿಯ ಬಳಚಿನ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಸುಟ್ಟು ನೀರು ಹಾಕಿದರೆ ಕವಳಕ್ಕೆ ಹಚ್ಚುವ ಸುಣ್ಣ. ಚಿಪ್ಪು ಕಟ್ಟಲು ಫಾಸ್ಫರಸ್ ಬೇಕಿಲ್ಲ, ಎಲುಬು ಕಟ್ಟಲು ಬೇಕೇ ಬೇಕು. ಬರೀ ಕ್ಯಾಲ್ಸಿಯಂ ಸುರಿದರೆ ಅದು ಎಲುಬಿಗೆ ಹೋಗುವುದಿಲ್ಲ, ಮೂತ್ರದಲ್ಲಿ ಹೋಗುತ್ತದೆ. ಸರಿ, ಎರಡನ್ನೂ ಕೊಡೋಣ ಎಂದರೆ ಇನ್ನೊಂದು ಪೇಚು. ಹಾಲು ಕುಡಿಯಲಾಗದ ಮೊದಲ ದಿನಗಳಲ್ಲಿ ಎಲ್ಲವೂ ಸಲೈನ್ ನಳಿಕೆಯಲ್ಲಿ ಹೋಗಬೇಕು. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಒಂದೇ ಚೀಲದಲ್ಲಿ ಹೆಚ್ಚು ಬೆರೆತರೆ ಅಲ್ಲೇ ಗಟ್ಟಿಯಾಗಿ ತಳಕ್ಕೆ ಕೂರುತ್ತವೆ. ಬಿಸಿನೀರಿನ ಹಂಡೆಯ ಒಳಗೆ ಬಿಳಿ ಹಕ್ಕಳೆ ಕಟ್ಟುತ್ತದಲ್ಲ, ಆ ಥರ. ಎಲುಬಿನಲ್ಲಿ ಆಗಬೇಕಾದ್ದು ನಳಿಕೆಯಲ್ಲಿ ಆದರೆ ಜೀವಕ್ಕೇ ಅಪಾಯ. ಗ್ಲಿಸರೋಫಾಸ್ಫೇಟ್ ಎಂಬ ಬೇರೆ ರೂಪದ ಫಾಸ್ಫೇಟ್ ಬಳಸಿದರೆ ಈ ತೊಡಕು ಬಹಳ ಮಟ್ಟಿಗೆ ತಪ್ಪುತ್ತದೆ.

ಇಲ್ಲಿಯವರೆಗಿನದು ಸುಣ್ಣದ ಕಥೆ. ಡಾಕ್ಟರುಗಳು ಇದನ್ನು ಹಲವು ದಶಕಗಳಿಂದ ಬಲ್ಲರು. ನನಗೆ ಕುತೂಹಲ ಹುಟ್ಟಿಸಿದ್ದು ಇದರ ಆಚೆಗಿನದು.

2024ರ ಆಗಸ್ಟಿನಲ್ಲಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಕಾಂಕ್ರೀಟಿಗೆ ತನ್ನ ಮೇಲೆ ಎಷ್ಟು ಭಾರ ಬಿದ್ದಿದೆ ಎಂದು ಗೊತ್ತಾಗುವುದಿಲ್ಲ. ಎಲುಬಿಗೆ ಗೊತ್ತಾಗುತ್ತದೆ. ಎಲುಬಿನ ಒಳಗೆ ಕೂದಲಿಗಿಂತ ಸಣ್ಣ ಕಾಲುವೆಗಳಿವೆ, ಅದರಲ್ಲಿ ದ್ರವ ಇದೆ. ಭಾರ ಬಿದ್ದಾಗ ಎಲುಬು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ದ್ರವ ಅಲುಗುತ್ತದೆ. ಒಳಗೆ ಹುದುಗಿರುವ ಜೀವಕೋಶಗಳು ಆ ಅಲುಗಾಟ ಗ್ರಹಿಸಿ, ಇಲ್ಲಿ ಕಟ್ಟಿ, ಅಲ್ಲಿ ಕೆಡವಿ ಎಂದು ಉಳಿದ ಕೋಶಗಳಿಗೆ ಹೇಳುತ್ತವೆ. ಭಾರ ಇರುವಲ್ಲಿ ಎಲುಬು ಬೆಳೆಯುತ್ತದೆ, ಇಲ್ಲದಲ್ಲಿ ಸವೆಯುತ್ತದೆ ಎಂದು ಜರ್ಮನಿಯ ಸರ್ಜನ್ ಜೂಲಿಯಸ್ ವುಲ್ಫ್ 1892ರಲ್ಲೇ ಬರೆದಿದ್ದರು. ಮರಗಳಲ್ಲೂ ಇದನ್ನು ನೋಡಬಹುದು. ಕಾರವಾರದ ಕಡಲ ದಂಡೆಯಲ್ಲಿ ಗಾಳಿಗೆ ಎದುರು ನಿಂತ ಗಾಳಿಮರದ ಬುಡ ನೋಡಿ, ಆಸರೆ ಕಟ್ಟಿ ಬೆಳೆಸಿದ ಗಿಡದ ಕಾಂಡ ನೋಡಿ. ಇನ್ನೂ ದೊಡ್ಡ ಉದಾಹರಣೆ ಬಾಹ್ಯಾಕಾಶದ್ದು. ಭಾರವೇ ಇಲ್ಲದ ಜಾಗದಲ್ಲಿ ಗಗನಯಾತ್ರಿಗಳ ಸೊಂಟದ ಎಲುಬು ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಕರಗುತ್ತದೆ. ಅವರ ಊಟದಲ್ಲಿ ಕ್ಯಾಲ್ಸಿಯಂಗೆ ಬರ ಇರುವುದಿಲ್ಲ.

ಆದರೆ ಹೊಟ್ಟೆಯೊಳಗೂ ಕೂಸು ನೀರಿನಲ್ಲಿ ತೇಲುತ್ತಾ ಇರುತ್ತದಲ್ಲ, ಅಲ್ಲೆಲ್ಲಿ ಭಾರ?

ಭಾರ ಇಲ್ಲ, ಗೋಡೆ ಇದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಇಂಜಿನಿಯರುಗಳು 2018ರಲ್ಲಿ ಒಂದು ಚೆಂದದ ಕೆಲಸ ಪ್ರಕಟಿಸಿದರು. ಹೊಟ್ಟೆಯೊಳಗಿನ ಕೂಸಿನ ಒದೆಯನ್ನು ಎಮ್ಆರ್ಐ ಯಂತ್ರದಲ್ಲಿ ವಿಡಿಯೋ ಥರ ಹಿಡಿದರು. ಸೊಂಟ, ಮಂಡಿ, ಪಾದ ಎಷ್ಟು ಸರಿದವು, ಗರ್ಭದ ಗೋಡೆ ಎಷ್ಟು ಉಬ್ಬಿತು ಎಂದು ಅಳೆದರು. ಆಮೇಲೆ ಸೇತುವೆ ಕಟ್ಟುವವರು ಬಳಸುವಂಥದ್ದೇ ಕಂಪ್ಯೂಟರ್ ಲೆಕ್ಕ ಹಾಕಿ, ಅಷ್ಟು ಉಬ್ಬಲು ಎಷ್ಟು ಬಲ ಬೇಕು ಎಂದು ಹಿಂದಕ್ಕೆ ಹೋದರು. 20 ವಾರಕ್ಕೆ ಒದೆಯ ಬಲ 29 ನ್ಯೂಟನ್. ನಮ್ಮ ತಕ್ಕಡಿಯ ಮಾತಲ್ಲಿ ಮೂರು ಕಿಲೋ ಭಾರ. 30 ವಾರಕ್ಕೆ 47 ನ್ಯೂಟನ್, ಹತ್ತಿರ ಹತ್ತಿರ ಐದು ಕಿಲೋ. ಒಂದೂವರೆ ಕಿಲೋ ತೂಗದ ಜೀವ ಐದು ಕಿಲೋ ಬಲದಲ್ಲಿ ಒದೆಯುತ್ತದೆ! ಬಸುರಿಯರು ಪಕ್ಕೆ ಹಿಡಿದುಕೊಂಡು ಕೂರುವುದು ಸುಮ್ನೆ ಅಲ್ಲ. 35 ವಾರಕ್ಕೆ ಇದು 17 ನ್ಯೂಟನ್‌ಗೆ ಇಳಿಯುತ್ತದೆ. ಕೂಸು ಸೋತಿತೆಂದಲ್ಲ, ಜಾಗ ಸಾಲದೆ. ಆದರೆ ಸ್ವಾರಸ್ಯ ಇರುವುದು ಮುಂದೆ. ಹೊರಗೆ ಕಾಣುವ ಒದೆ ಕಡಿಮೆಯಾದರೂ ಎಲುಬಿನ ಒಳಗಿನ ಒತ್ತಡ ವಾರದಿಂದ ವಾರಕ್ಕೆ ಏರುತ್ತಲೇ ಹೋಗಿತ್ತು. ಇಕ್ಕಟ್ಟಿನಲ್ಲಿ ಸ್ನಾಯು ಇನ್ನೂ ಬಿಗಿಯಾಗಿ ದುಡಿಯುತ್ತದೆ.

ಅಂದರೆ ಮಾಸು ಖನಿಜ ಏರಿಸುವ ಅದೇ ಕೊನೆಯ ವಾರಗಳಲ್ಲಿ ಗರ್ಭ ಒಂದು ಗರಡಿಮನೆಯೂ ಆಗಿರುತ್ತದೆ. ಮಣ್ಣೂ ಬರುತ್ತದೆ, ಎಲ್ಲಿ ಮೆತ್ತಬೇಕು ಎಂಬ ಅಪ್ಪಣೆಯೂ ಬರುತ್ತದೆ. ನರ, ಸ್ನಾಯುವಿನ ತೊಂದರೆಯಿಂದ ಹೊಟ್ಟೆಯಲ್ಲಿ ಅಲುಗಾಡಲಾರದ ಮಕ್ಕಳು ದಿನ ತುಂಬಿ ಹುಟ್ಟಿದರೂ ಎಲುಬು ಸಪೂರ ಇರುವುದು ಇದಕ್ಕೇ.

ಈಗ ನನ್ನ ತಂಗಿಯ ಕೂಸನ್ನು ನೆನಪಿಸಿಕೊಳ್ಳಿ. ಪಂಪು ನಿಂತಿದೆ, ಗೋಡೆಯೂ ಹೋಗಿದೆ. ಪೆಟ್ಟಿಗೆಯಲ್ಲಿ ಅಂಗಾತ ಮಲಗಿದೆ. ಕಾಲು ಚಾಚಿದರೆ ತಾಗುವುದು ಬರೀ ಗಾಳಿ. ಮೇಲಿಂದ ಅದು ಬದುಕಲೆಂದೇ ಕೊಡುವ ಕೆಲವು ಔಷಧಿಗಳು, ಶ್ವಾಸಕೋಶದ ನೀರು ಇಳಿಸುವ ಫ್ಯುರೋಸಮೈಡ್, ಸ್ಟೀರಾಯ್ಡ್, ಎಲುಬಿನ ಖನಿಜಕ್ಕೂ ಕೈ ಹಾಕುತ್ತವೆ. ಉಸಿರಿಗೆ ಬೇಕಾದ್ದನ್ನು ಎಲುಬಿನ ಸಲುವಾಗಿ ನಿಲ್ಲಿಸುವಂತಿಲ್ಲ.

ಎಲುಬು ಕ್ಷೀಣಿಸುತ್ತಿದೆ ಎಂದು ತಿಳಿಯುವುದಾದರೂ ಹೇಗೆ? ಎಕ್ಸ್‌ರೇ ಸಾಲದು. ಶೇಕಡಾ 20ರಿಂದ 40ರಷ್ಟು ಖನಿಜ ಹೋದ ಮೇಲಷ್ಟೇ ಅದರಲ್ಲಿ ಕಾಣುತ್ತದೆ. ಅಷ್ಟರಲ್ಲಿ ತಡವಾಗಿರುತ್ತದೆ. ಹಾಗಾಗಿ ವಾರ, ಎರಡು ವಾರಕ್ಕೊಮ್ಮೆ ರಕ್ತ ತೆಗೆದು ಆಲ್ಕಲೈನ್ ಫಾಸ್ಫಟೇಸ್ (ಎಲುಬಿಗೆ ಖನಿಜ ಸಾಲದಿದ್ದಾಗ ರಕ್ತದಲ್ಲಿ ಏರುವ ಒಂದು ಕಿಣ್ವ) ಮತ್ತು ಫಾಸ್ಫೇಟ್ ನೋಡುತ್ತಾರೆ. ಮೊದಲನೆಯದು ಲೀಟರಿಗೆ 500 ಯೂನಿಟ್ ದಾಟಿ, ಎರಡನೆಯದು ಇಳಿದಿದ್ದರೆ ಕಿವಿ ನೆಟ್ಟಗಾಗುತ್ತದೆ. ಆದರೆ ಒಂದು ಕಿಲೋ ಕೂಸಿನ ಮೈಯಲ್ಲಿ ಇರುವ ಒಟ್ಟು ರಕ್ತವೇ 80, 90 ಮಿಲಿಲೀಟರ್. ಒಂದು ಸಣ್ಣ ಚಹಾ ಲೋಟದಷ್ಟು. ಪದೇ ಪದೇ ತೆಗೆಯಲು ಕೈ ಬರುವುದಿಲ್ಲ.

ಅದಕ್ಕೇ ಅಲ್ಟ್ರಾಸೌಂಡ್ ನನಗೆ ಇಷ್ಟ. ಇದು ಹೊಟ್ಟೆಯ ಚಿತ್ರ ತೆಗೆಯುವ ಸ್ಕ್ಯಾನ್ ಅಲ್ಲ. ಹಲಸಿನಕಾಯಿ ಬಡಿದು ನೋಡಿ ಬೆಳೆದಿದೆಯೋ ಇಲ್ಲವೋ ಹೇಳುತ್ತಾರಲ್ಲ, ಅದರ ಜಾತಿಯದು. ಮಂಡಿಯ ಕೆಳಗಿನ ಎಲುಬಿನ ಮೇಲೆ ಬೆರಳುದ್ದದ ಪ್ರೋಬ್ ಇಟ್ಟು, ಒಂದು ಕಡೆಯಿಂದ ಶಬ್ದ ಬಿಟ್ಟು, ಇನ್ನೊಂದು ಕಡೆ ಎಷ್ಟು ಬೇಗ ಬಂತು ಎಂದು ನೋಡುವುದು. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಹಸುಗೂಸಿನ ಎಲುಬಿನಲ್ಲಿ 3000ದ ಹತ್ತಿರ, ದೊಡ್ಡವರ ಎಲುಬಿನಲ್ಲಿ 4000ದ ಹತ್ತಿರ. ಗಟ್ಟಿಯಿದ್ದಷ್ಟೂ ವೇಗ. ಸೂಜಿ ಇಲ್ಲ, ವಿಕಿರಣ ಇಲ್ಲ, ಕೂಸನ್ನು ಪೆಟ್ಟಿಗೆಯಿಂದ ಎತ್ತುವುದೂ ಬೇಡ. ಕಷ್ಟ ಇರುವುದು ಬೇರೆ ಕಡೆ. ಪ್ರೋಬ್ ಚೂರು ವಾರೆಯಾದರೂ ಅಂಕಿ ಬದಲಾಗುತ್ತದೆ. ಕೂಸಿನ ಕಾಲು ನನ್ನ ಹೆಬ್ಬೆರಳಿನಷ್ಟು ದಪ್ಪ. ಅದು ಅಲುಗದೆ ಇರುತ್ತದೆಯೇ?

ಎಕ್ಸ್‌ರೇ ಬಿಟ್ಟು ಎಲುಬಿನ ಖನಿಜ ಅಳೆಯುವ, ದೊಡ್ಡವರಿಗೆ ಮಾಡುವ ಡೆಕ್ಸಾ ಸ್ಕ್ಯಾನ್ ಕೂಡ ಇದೆ. ಅದರಲ್ಲೊಂದು ಮೋಸ ಇದೆ. ಡೆಕ್ಸಾ ನೋಡುವುದು ಎಲುಬಿನ ನೆರಳನ್ನು, ದಪ್ಪವನ್ನಲ್ಲ. ಒಂದೇ ಜಾತಿಯ ಮರದ ಸಪೂರ ರೀಪಿಗೂ ದಪ್ಪ ತೊಲೆಗೂ ಬೆಳಕು ಬಿಟ್ಟು ನೋಡಿದರೆ, ತೊಲೆ ಜಾಸ್ತಿ ಬೆಳಕು ತಡೆಯುತ್ತದೆ. ಹಾಗೆಂದು ರೀಪಿನ ಮರ ಟೊಳ್ಳು ಎನ್ನಬಹುದೇ? ಬೇಗ ಹುಟ್ಟಿದವರು ದೊಡ್ಡವರಾದ ಮೇಲೂ ಸರಾಸರಿಯಲ್ಲಿ ಸ್ವಲ್ಪ ಕುಳ್ಳಗೆ, ಸಣ್ಣಗೆ ಇರುತ್ತಾರೆ. ಅವರ ಎಲುಬು ಕಡಿಮೆ ಗಟ್ಟಿ ಎಂದು ಹೇಳುವ ವರದಿಗಳನ್ನು ಓದುವಾಗ ಎಲುಬಿನ ಗಾತ್ರದ ಲೆಕ್ಕ ಹಿಡಿದಿದ್ದಾರೆಯೇ ಎಂದು ನಾನು ಮೊದಲು ಹುಡುಕುತ್ತೇನೆ. ಹೆಚ್ಚಿನ ಮಕ್ಕಳಲ್ಲಿ ಹಾಲು, ಖನಿಜ, ಓಡಾಟ ಸರಿಯಾದ ಮೇಲೆ ಒಂದೆರಡು ವರ್ಷದೊಳಗೆ ಎಲುಬು ಬಹಳಷ್ಟು ಚೇತರಿಸಿಕೊಳ್ಳುತ್ತದೆ.

ಈಗ ಆಯಿಯ ಪ್ರಶ್ನೆಗೆ ಬರುತ್ತೇನೆ. 1995ರಲ್ಲಿ ಅಮೆರಿಕದ ಯುಟಾದ ಸಂಶೋಧಕರು ದಿನ ತುಂಬದ ಮಕ್ಕಳ ಕೈಕಾಲುಗಳನ್ನು ದಿನಕ್ಕೆ 5ರಿಂದ 10 ನಿಮಿಷ ಮೆಲ್ಲಗೆ ಮಡಚಿ, ಬಿಡಿಸಿ, ಕೀಲಿನ ಕೊನೆಯಲ್ಲಿ ಚೂರೇ ಚೂರು ಒತ್ತು ಕೊಟ್ಟು ನೋಡಿದರು. ಹೀಗೆ ಮಾಡಿಸಿಕೊಂಡ ಮಕ್ಕಳ ತೂಕವೂ ಎಲುಬಿನ ಖನಿಜವೂ ಉಳಿದವರಿಗಿಂತ ಚೆನ್ನಾಗಿ ಏರಿತು. ಇಸ್ರೇಲಿನಲ್ಲಿ ಇದೇ ಥರ ಮಾಡಿ ಅಲ್ಟ್ರಾಸೌಂಡ್ ವೇಗ ಅಳೆದರು. ಹುಟ್ಟಿದ ಮೇಲೆ ವಾರದಿಂದ ವಾರಕ್ಕೆ ಇಳಿಯುವ ವೇಗ, ವ್ಯಾಯಾಮ ಪಡೆದ ಮಕ್ಕಳಲ್ಲಿ ಕಡಿಮೆ ಇಳಿದಿತ್ತು. ಇದನ್ನೆಲ್ಲ ಓದುವಾಗ ನನಗೆ ವಾಪಸ್ ಹೋದ ಎಣ್ಣೆ ಬಾಟಲಿ ನೆನಪಾಗಿ ಮುಖ ಸಣ್ಣದಾಯಿತು.

ಹಾಗೆಂದು ಆಯಿ ಪೂರ್ತಿ ಗೆದ್ದಳು ಎನ್ನುವಂತಿಲ್ಲ. 2014ರಲ್ಲಿ, ವೈದ್ಯಕೀಯ ಪ್ರಯೋಗಗಳ ಪುರಾವೆ ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಂಸ್ಥೆಯ ಪರವಾಗಿ ಇಂಥ 11 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿದವರು, ತಾತ್ಕಾಲಿಕ ಲಾಭ ಸ್ವಲ್ಪ ಇದೆ, ಆದರೆ ಎಲ್ಲ ಮಕ್ಕಳಿಗೂ ಕಡ್ಡಾಯ ಮಾಡುವಷ್ಟು ಪುರಾವೆ ಇಲ್ಲ ಎಂದರು. ಪ್ರಯೋಗಗಳು ಸಣ್ಣವು. ಮತ್ತೆ, ಖನಿಜ ಸಾಲದ ಕೂಸಿಗೆ ಬರೀ ವ್ಯಾಯಾಮ ಮಾಡಿಸುವುದು ಮಣ್ಣಿಲ್ಲದೆ ಗೋಡೆ ಸಾರಿಸಿದ ಹಾಗೆ. ಎಲ್ಲಕ್ಕಿಂತ ಮುಖ್ಯವಾದದ್ದು ಪ್ರಮಾಣ. ಎಷ್ಟು ಒತ್ತಬೇಕು? ಒಬ್ಬರ ಕೈ ಹಗುರ, ಇನ್ನೊಬ್ಬರದು ಭಾರ. ಔಷಧಿಗೆ ಮಿಲಿಗ್ರಾಂ ಇದೆ, ಮಡಚುವುದಕ್ಕೆ ಏನಿದೆ? ಇಲ್ಲೇ ಇಂಜಿನಿಯರ್ ಬೇಕಾಗುವುದು. ಹೊಟ್ಟೆಯೊಳಗಿನ ಒದೆಯನ್ನು ನ್ಯೂಟನ್‌ನಲ್ಲಿ ಬರೆದಿಟ್ಟದ್ದು ನನಗೆ ಅಷ್ಟು ದೊಡ್ಡದಾಗಿ ಕಾಣುವುದು ಈ ಕಾರಣಕ್ಕೆ. ಗರ್ಭದೊಳಗೆ ಎಷ್ಟು ಸಿಗುತ್ತಿತ್ತು ಎಂದು ತಿಳಿದರೆ ಹೊರಗೆ ಎಷ್ಟು ಕೊಡಬೇಕು ಎಂದು ಯೋಚಿಸಲು ಒಂದು ಅಳತೆಗೋಲು ಸಿಕ್ಕಿತು. ಬಸುರಿಯ ಹೊಟ್ಟೆಗೆ ಕಟ್ಟುವ ಸೆನ್ಸರುಗಳು, ಮಲಗಿದ ಕೂಸಿನ ವಿಡಿಯೋದಿಂದ ಕೈಕಾಲಿನ ಚಲನೆ ಎಣಿಸುವ ಸಾಫ್ಟ್‌ವೇರ್, ಇವೆಲ್ಲ ಅದೇ ದಾರಿಯ ಕೆಲಸಗಳು.

ಯಂತ್ರ ಬರುವ ತನಕ ಸಿಸ್ಟರುಗಳು ಕೈಕಟ್ಟಿ ಕೂತಿಲ್ಲ. ಮೆತ್ತನೆ ಬಟ್ಟೆ ಸುರುಳಿ ಸುತ್ತಿ ಕೂಸಿನ ಸುತ್ತ ಗೂಡು ಮಾಡುತ್ತಾರೆ. ಕಾಲು ಚಾಚಿದರೆ ತಾಗಲು ಏನೋ ಒಂದು ಇರುತ್ತದೆ. ಈ ಗೂಡು ಮಾನಿಟರ್ ಇರುವ ಆಸ್ಪತ್ರೆಯಲ್ಲಿ ಮಾತ್ರ. ಮನೆಯ ತೊಟ್ಟಿಲಿನಲ್ಲಿ ಬಟ್ಟೆ ಸುರುಳಿ ಉಸಿರು ಕಟ್ಟಿಸಬಹುದು.

ಮನೆಗೆ ಬಂದ ಮೇಲೆ ನಮ್ಮವರಿಗೆ ಹೇಳಬೇಕಾದ್ದು ಇನ್ನೂ ಕೆಲವು ಇವೆ. ಬಟ್ಟೆ ಬದಲಿಸುವಾಗ ಎರಡೂ ಪಾದ ಒಟ್ಟು ಹಿಡಿದು ಮೇಲೆತ್ತುವುದು ನಮಗೆಲ್ಲ ರೂಢಿ. ಎಲುಬು ಮೆದುವಿರುವ ಕೂಸಿಗೆ ಹಾಗೆ ಮಾಡಬಾರದು, ಸೊಂಟದ ಅಡಿ ಕೈ ಕೊಟ್ಟು ಎತ್ತಬೇಕು. ಕಾಲ ಮೇಲೆ ಬೋರಲು ಹಾಕಿ ನೀವುವುದು, ಕೈಕಾಲು ಅಡ್ಡಡ್ಡ ಜಗ್ಗುವುದು, ಡಾಕ್ಟರ್ ಹೂಂ ಅನ್ನುವ ತನಕ ಬೇಡವೇ ಬೇಡ. ವಿಟಮಿನ್ ಡಿ ಹನಿ, ಸಾಮಾನ್ಯವಾಗಿ ದಿನಕ್ಕೆ 400 ಯೂನಿಟ್ ಅಥವಾ ಡಾಕ್ಟರ್ ಬರೆದಷ್ಟು, ತಪ್ಪಿಸಬಾರದು. ಎಳೆ ಬಿಸಿಲು ಕಾಯಿಸುತ್ತೇವಲ್ಲ ಎಂದರೆ, ನಮ್ಮ ಘಟ್ಟದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲು ಎಲ್ಲಿ ಸ್ವಾಮೀ? ಕಂಬಳಿಯೇ ಒಣಗುವುದಿಲ್ಲ.

ತಂಗಿಯ ಕೂಸಿನ ಆಲ್ಕಲೈನ್ ಫಾಸ್ಫಟೇಸ್ ಒಂದು ಸಲ ಏರಿ, ಫಾಸ್ಫೇಟ್ ಕೊಟ್ಟ ಮೇಲೆ ಮೆಲ್ಲಗೆ ಇಳಿಯಿತು. ಎಲುಬು ಮುರಿಯಲಿಲ್ಲ. ಸೊಂಟದ ಅಡಿ ಕೈ ಕೊಟ್ಟು ಎತ್ತುವುದನ್ನು ಆಯಿ ಸಿಸ್ಟರ್ ಹತ್ತಿರವೇ ಕಲಿತಳು. ಈಗ ಕೇರಿಯ ಬಾಣಂತಿಯರಿಗೆಲ್ಲ ಅದೇ ಪಾಠ, ತಾನೇ ಕಂಡುಹಿಡಿದ ಹಾಗೆ.

ಜನವರಿಯಲ್ಲಿ ಡಾಕ್ಟರ್ ಎಣ್ಣೆ ಹಚ್ಚಬಹುದು, ಮೆಲ್ಲಗೆ, ಎಂದರು. ಆಯಿ ಅಂಗಳದ ಬಿಸಿಲಿಗೆ ಚಾಪೆ ಹಾಸಿ ಕೂತಳು. ಎಣ್ಣೆ ಬಟ್ಟಲು ಪಕ್ಕದಲ್ಲೇ ಇತ್ತು. ಮೊದಲ ಸಲ ಮಂಡಿ ಮಡಚಿ ಬಿಟ್ಟಿದ್ದೇ ತಡ, ಕೂಸು ಕಾಲು ಝಾಡಿಸಿತು. ಬಟ್ಟಲು ಮಗುಚಿ ಚಾಪೆಯೆಲ್ಲ ಎಣ್ಣೆ. "ಅಳೆ ತಮಾ ಈಗ" ಅಂದಳು ಆಯಿ.